ಮತ್ತೆ ಅಖಾಡಕ್ಕೆ ಇಳಿಯುವ ದಿನ

ಸ್ನಾಯು ಹರಿದ ಅಥವಾ ಜಜ್ಜಿದ ಆಟಗಾರ ಯಾವಾಗ ಮತ್ತೆ ಕಣಕ್ಕಿಳಿಯಬಹುದು ಎಂಬ ತೀರ್ಮಾನ ಇಂದು ಕ್ರೀಡಾವೈದ್ಯದ ಒಂದು ಪ್ರತ್ಯೇಕ ವಿಷಯ. ಆದರೆ ಪ್ರಶ್ನೆ ಹಳೆಯದು. ಶಿವಮೊಗ್ಗ ಜಿಲ್ಲೆಯ ಶಿಕಾರಿಪುರ ಮತ್ತು ಸೊರಬ ಸೀಮೆಯಲ್ಲಿ ಅದು ಮುಖ್ಯವಾಗಿ ಎರಡು ಕಣಗಳಲ್ಲಿ ಎದುರಾಗುತ್ತಾ ಬಂದಿದೆ: ಒಂದು ಗರಡಿಮನೆಯ ಮಣ್ಣು, ಇನ್ನೊಂದು ದೀಪಾವಳಿಯ ನಂತರ ಊರೂರಲ್ಲಿ ನಡೆಯುವ ಹೋರಿಹಬ್ಬದ ಓಟದ ದಾರಿ. ಮೊದಲನೆಯದರಲ್ಲಿ ತೀರ್ಮಾನಿಸಲು ಒಬ್ಬ ಉಸ್ತಾದ್ ಇದ್ದ. ಎರಡನೆಯದರಲ್ಲಿ ಅಂಥ ಸ್ಥಾನವೇ ಇಲ್ಲ. ಈ ಸೀಮೆಯ ಚರಿತ್ರೆಯಲ್ಲಿ ಎದ್ದು ಕಾಣುವುದು ಈ ವ್ಯತ್ಯಾಸ.

ಎರಡೂ ತಾಲ್ಲೂಕುಗಳಲ್ಲಿ ವೀರಗಲ್ಲುಗಳು ಹೇರಳ. ತುರುಗೊಳ್ ಕಾಳಗದಲ್ಲಿ ದನ ಬಿಡಿಸಿಕೊಂಡು ಬರಲು ಹೋಗಿ ಸತ್ತವರ ನೆನಪಿಗೆ ನಿಲ್ಲಿಸಿದವು ಅವುಗಳಲ್ಲಿ ಬಹಳ. ಸತ್ತವನ ಹೆಸರು, ಊರು, ಆಳುತ್ತಿದ್ದ ಅರಸನ ಹೆಸರು ಕಲ್ಲಿನ ಮೇಲೆ ಸಿಗುತ್ತದೆ. ತೊಡೆ ಹರಿದುಕೊಂಡು ಮನೆಗೆ ಬಂದು, ಮೂರು ತಿಂಗಳು ಕುಂಟಿ, ಮುಂದಿನ ವರ್ಷ ಮತ್ತೆ ಆಯುಧ ಹಿಡಿದವನ ಬಗ್ಗೆ ಯಾವ ಕಲ್ಲೂ ಮಾತಾಡುವುದಿಲ್ಲ. ಗಾಯದ ಚರಿತ್ರೆಯನ್ನು ಬೇರೆ ಬಗೆಯ ಬರಹಗಳಲ್ಲಿ ಹುಡುಕಬೇಕಾಗುತ್ತದೆ.

ಅಂಥ ಬರಹಗಳಲ್ಲಿ ಒಂದು ಶಿಕಾರಿಪುರ ತಾಲ್ಲೂಕಿನ ಬಳ್ಳಿಗಾವಿಯಲ್ಲೇ ಇದೆ. ಬನವಾಸಿ ಹನ್ನೆರಡು ಸಾವಿರ ನಾಡಿನ ರಾಜಧಾನಿಯಾಗಿದ್ದ ಈ ಊರಿನಲ್ಲಿ ಕೇದಾರೇಶ್ವರ ದೇವಾಲಯಕ್ಕೆ ಸೇರಿದ ಕೋಡಿಯಮಠ ಕಾಳಾಮುಖ ಯತಿಗಳ ದೊಡ್ಡ ಕೇಂದ್ರವಾಗಿತ್ತು. 1162ರ ಶಾಸನ ಆ ಮಠವನ್ನು ವೇದ, ವ್ಯಾಕರಣ, ದರ್ಶನಗಳ ಪಾಠಶಾಲೆಯೆಂದು ಹೊಗಳುವುದರ ಜೊತೆಗೆ, ದೀನರಿಗೂ ಕುಂಟರಿಗೂ ಕುರುಡರಿಗೂ ಅನ್ನ ಸಿಗುವ ತಾಣ, ದಿಕ್ಕಿಲ್ಲದ ರೋಗಿಗಳಿಗೆ ಔಷಧ ಸಿಗುವ ತಾಣ ಎಂದೂ ಹೇಳುತ್ತದೆ. ಉಳುಕಿದ ಕಾಲಿಗೆ ಅಲ್ಲಿ ಏನು ಮಾಡುತ್ತಿದ್ದರೆಂದು ಶಾಸನದಿಂದ ತಿಳಿಯುವುದಿಲ್ಲ. ಓದುಬರಹ ಬಲ್ಲವರ ಕೈಯಲ್ಲಿ ವೈದ್ಯ ಇತ್ತು ಎಂಬುದಂತೂ ಸ್ಪಷ್ಟ. ಸುಶ್ರುತ ಸಂಹಿತೆಯಂಥ ಗ್ರಂಥಗಳು ಆಗ ಓದುಬಲ್ಲ ವೈದ್ಯರ ಸಾಮಾನ್ಯ ಆಸ್ತಿ.

ಸುಶ್ರುತ ದೇಹದಲ್ಲಿ 107 ಮರ್ಮಗಳನ್ನು ಎಣಿಸುತ್ತಾನೆ. ಅವುಗಳಲ್ಲಿ 11 ಮಾಂಸಕ್ಕೆ, 27 ಸ್ನಾಯುವಿಗೆ ಸೇರಿದವು. ಇಲ್ಲಿ ಸ್ನಾಯು ಎಂದರೆ ಕಟ್ಟುವ ನಾರು. ಇಂದಿನ ಶಾಲಾಪಠ್ಯದ ಸ್ನಾಯುವಿಗೆ ಅವನ ಮಾತು ಮಾಂಸ ಅಥವಾ ಪೇಶಿ. ಮುರಿದ ಸಂಧಿ ಕೂಡುವುದಕ್ಕೆ ಅವನು ವಯಸ್ಸಿನ ಲೆಕ್ಕ ಕೊಡುತ್ತಾನೆ: ಎಳೆಯ ಪ್ರಾಯದಲ್ಲಿ ಒಂದು ತಿಂಗಳು, ನಡುವಯಸ್ಸಿನಲ್ಲಿ ಅದರ ಎರಡರಷ್ಟು, ಮುಪ್ಪಿನಲ್ಲಿ ಮೂರರಷ್ಟು. ವ್ಯಾಯಾಮದ ವಿಷಯಕ್ಕೆ ಬಂದಾಗ ಅವನು ತಿಂಗಳನ್ನು ಎಣಿಸುವುದಿಲ್ಲ. ಮನುಷ್ಯ ತನ್ನ ಬಲದ ಅರ್ಧದಷ್ಟು ಮಾತ್ರ ದುಡಿಸಬೇಕು, ಎದೆಯ ಉಸಿರು ಬಾಯಿಗೆ ಬಂದರೆ ಆ ಅರ್ಧ ತುಂಬಿತೆಂದು ತಿಳಿಯಬೇಕು ಎನ್ನುತ್ತಾನೆ. ಒಂದು ಕಡೆ ಕ್ಯಾಲೆಂಡರು, ಇನ್ನೊಂದು ಕಡೆ ದೇಹವೇ ಕೊಡುವ ಗುರುತು. ಮುಂದಿನ ಶತಮಾನಗಳುದ್ದಕ್ಕೂ ತೀರ್ಮಾನ ಈ ಎರಡರ ನಡುವೆಯೇ ತೂಗಾಡಿತು.

ಬಳ್ಳಿಗಾವಿಯನ್ನು ಆಳುತ್ತಿದ್ದ ಕಲ್ಯಾಣದ ಚಾಲುಕ್ಯರಲ್ಲಿ ಮೂರನೆಯ ಸೋಮೇಶ್ವರ ಬರೆಸಿದ ‘ಮಾನಸೋಲ್ಲಾಸ’ದಲ್ಲಿ ಮಲ್ಲವಿನೋದ ಎಂಬ ಭಾಗವೇ ಇದೆ. ಹನ್ನೆರಡನೆಯ ಶತಮಾನದ ಮೊದಲರ್ಧದ ಈ ಗ್ರಂಥ ಮಲ್ಲರನ್ನು ವಯಸ್ಸು, ಮೈಕಟ್ಟು, ಬಲಗಳಿಗೆ ತಕ್ಕಂತೆ ವಿಂಗಡಿಸುತ್ತದೆ. ಭಾರ ಎತ್ತುವುದು, ನಡೆಯುವುದು, ನೀರಿನಲ್ಲಿ ಈಜುವುದು, ತೋಳಿಗೆ ತೋಳು ಕೊಟ್ಟು ಸೆಣಸುವುದು, ಕಂಬ ಏರುವುದು ಎಂದು ಶ್ರಮಗಳನ್ನು ಬೇರೆಬೇರೆಯಾಗಿ ಹೆಸರಿಸುತ್ತದೆ. ಪೈಲ್ವಾನನ ಮೈಯನ್ನು ಒಂದೇ ಮೊತ್ತವಾಗಿ ನೋಡದೆ, ಕೆಲಸ ಕೆಲಸಕ್ಕೆ ಬೇರೆಯಾಗಿ ಪಳಗಿಸಬೇಕಾದ ವಸ್ತುವೆಂದು ನೋಡಿದ್ದು ಇದರ ಹೆಚ್ಚುಗಾರಿಕೆ. ಗಾಯಗೊಂಡವನು ನಡಿಗೆಯಿಂದ ಈಜಿಗೆ, ಈಜಿನಿಂದ ಸೆಣಸಾಟಕ್ಕೆ ಹಂತಹಂತವಾಗಿ ಏರಬೇಕೆಂದು ಗ್ರಂಥದಲ್ಲಿ ಇಲ್ಲ. ಅಂಥ ಏರಿಕೆಗೆ ಬೇಕಾದ ಮೆಟ್ಟಿಲುಗಳು ಮಾತ್ರ ಇವೆ.

ಆ ಮೆಟ್ಟಿಲುಗಳನ್ನು ಹತ್ತಿಸಿದ್ದು ಗರಡಿಮನೆ. ಮಲೆನಾಡು ಬಯಲುಸೀಮೆಗೆ ಇಳಿಯುವ ಈ ಸೆರಗಿನಲ್ಲಿ ಜಾತ್ರೆಯ ಬಯಲುಕುಸ್ತಿ ಊರಿನ ವಾಡಿಕೆ. ಗರಡಿಯ ದೈವ ಹನುಮಂತ. ಶಿಕಾರಿಪುರ ಪೇಟೆಯ ದೊಡ್ಡ ದೇವರಾದ ಹುಚ್ಚರಾಯಸ್ವಾಮಿಯೂ ಆಂಜನೇಯನೇ. ಅಖಾಡದ ಕೆಮ್ಮಣ್ಣನ್ನು ಜರಡಿ ಹಿಡಿದು, ಎಣ್ಣೆ, ಅರಿಸಿನ, ಮಜ್ಜಿಗೆ ಸೇರಿಸಿ ಹದ ಮಾಡುತ್ತಾರೆ. ದಿನವೂ ಗುದ್ದಲಿಯಿಂದ ಅಗೆದು ಸಡಿಲಿಸುತ್ತಾರೆ. ಬಿದ್ದವನಿಗೆ ನೆಲ ಬಡಿಯಬಾರದು ಎಂಬುದು ಅದರ ಮೊದಲ ಉಪಯೋಗ. ಅಗೆಯುವುದೇ ಒಂದು ಸಾಮು ಎಂಬುದು ಎರಡನೆಯದು.

ತೊಡೆ ಹಿಡಿದುಕೊಂಡ ಹುಡುಗ ಗರಡಿಗೆ ಬರುವುದನ್ನು ನಿಲ್ಲಿಸುತ್ತಿರಲಿಲ್ಲ. ಮಣ್ಣಿಗೆ ಇಳಿಯುವುದನ್ನು ಮಾತ್ರ ನಿಲ್ಲಿಸುತ್ತಿದ್ದ. ಮೊದಲು ಬದಿಯಲ್ಲಿ ಕೂರುವುದು, ನೋವು ಇಳಿದ ಮೇಲೆ ಮಣ್ಣು ಅಗೆಯುವುದು, ಆಮೇಲೆ ಬಸ್ಕಿ ಮತ್ತು ದಂಡ, ಆಮೇಲೆ ತನಗಿಂತ ಹಗುರವಾದವನ ಜೊತೆ ಕೈ ಹಾಕುವುದು, ಕೊನೆಗೆ ಸರಿಜೋಡಿ. ಉಸ್ತಾದನ ಪರೀಕ್ಷೆಯಲ್ಲಿ ಅಳತೆಯ ಉಪಕರಣವಿಲ್ಲ. ಬಸ್ಕಿ ಹೊಡೆಯುವಾಗ ಸೊಂಟ ಯಾವ ಕಡೆ ವಾಲುತ್ತದೆ, ಏಳುವಾಗ ಭಾರ ಯಾವ ಕಾಲಿಗೆ ಬೀಳುತ್ತದೆ, ಎದುರಾಳಿ ಪಟ್ಟು ಹಾಕಿದಾಗ ನೋವಿದ್ದ ಕಾಲನ್ನು ಹುಡುಗ ಹಿಂದಕ್ಕೆ ಎಳೆದುಕೊಳ್ಳುತ್ತಾನೆಯೇ ಎಂಬುದನ್ನು ಕಣ್ಣು ಗಮನಿಸುತ್ತದೆ. ಹುಡುಗ ‘ನೋವಿಲ್ಲ’ ಎಂದರೂ ಕಾಲು ಹಿಂಜರಿದರೆ ಜಾತ್ರೆಯ ಜೋಡಿ ಕಟ್ಟುವುದಿಲ್ಲ. ಇಂದಿನ ಭೌತಚಿಕಿತ್ಸಕರು ನೋಡುವುದೂ ಬಹುಮಟ್ಟಿಗೆ ಇದನ್ನೇ.

ಆದರೆ ಗರಡಿಯ ಪದ್ಧತಿಯನ್ನು ಹೊಗಳಿ ಮುಗಿಸುವಂತಿಲ್ಲ. ಮಾಲೀಸು ಅದರ ದೊಡ್ಡ ಬಲ, ದೊಡ್ಡ ದೋಷವೂ ಹೌದು. ದಣಿದ ಮೈಗೆ ಎಣ್ಣೆ ತಿಕ್ಕುವುದು ಹಿತ. ಎದುರಾಳಿಯ ಮೊಣಕಾಲೋ ಹೋರಿಯ ಗೊರಸೋ ಬಡಿದು ತೊಡೆಯ ಮುಂಭಾಗದಲ್ಲಿ ರಕ್ತ ಹೆಪ್ಪುಗಟ್ಟಿದಾಗ ಅದೇ ಕೈ ಅದೇ ರಭಸದಿಂದ ತಿಕ್ಕಿದರೆ ಕೇಡಾಗುತ್ತದೆ. ಜಜ್ಜಿದ ಮಾಂಸದೊಳಗೆ ಸುಣ್ಣದಂಶ ಸೇರಿ ಎಲುಬು ಬೆಳೆಯುವ ಒಂದು ತೊಡಕು ಇದೆ. ಮೂರು ನಾಲ್ಕು ವಾರಗಳಲ್ಲಿ ಅದು ಎಕ್ಸ್‌ರೇಯಲ್ಲಿ ಕಾಣುತ್ತದೆ. ಮೊಣಕಾಲು ಪೂರ್ತಿ ಮಡಿಸಲಾಗದೆ ತಿಂಗಳುಗಟ್ಟಲೆ ನರಳುವವರಲ್ಲಿ ಕೆಲವರಿಗೆ ಕಾರಣ ಇದು. ಹೊಸ ಪೆಟ್ಟನ್ನು ಬಲವಾಗಿ ತಿಕ್ಕುವುದು, ಎಳೆಯುವುದು ಈ ತೊಡಕನ್ನು ಹೆಚ್ಚಿಸುತ್ತದೆಂದು ಕ್ರೀಡಾವೈದ್ಯರು ಎಚ್ಚರಿಸುತ್ತಾರೆ. ಅಮೆರಿಕದ ವೆಸ್ಟ್ ಪಾಯಿಂಟ್ ಸೇನಾ ಅಕಾಡೆಮಿಯ ವೈದ್ಯರು 1973ರಲ್ಲಿ ತೊಡೆಯ ಪೆಟ್ಟುಗಳ ಬಗ್ಗೆ ಬರೆದ ವರದಿ ಈ ವಿಷಯದಲ್ಲಿ ಮೊದಲ ದೊಡ್ಡ ಆಧಾರ. ನಾಟಿ ವೈದ್ಯರು ಎಲುಬು ಕೂಡಿಸಲು ಕಟ್ಟುವ ಬಿದಿರಿನ ದಬ್ಬೆಯ ಕಟ್ಟನ್ನು ಹರಿದ ಸ್ನಾಯುವಿಗೂ ಕಟ್ಟಿ ತಿಂಗಳುಗಟ್ಟಲೆ ಬಿಟ್ಟರೆ, ಕಾಲು ಗಟ್ಟಿಯಾಗುವ ಬದಲು ತೆಳುವಾಗುತ್ತದೆ.

ಆಸ್ಪತ್ರೆಯ ವೈದ್ಯವೂ ಬಹುಕಾಲ ಇದಕ್ಕಿಂತ ತುಂಬ ಜಾಣವಾಗಿರಲಿಲ್ಲ. ಅದು ಕ್ಯಾಲೆಂಡರನ್ನು ನಂಬಿತ್ತು: ಮೂರು ವಾರ ವಿಶ್ರಾಂತಿ, ಆಮೇಲೆ ಆಡಬಹುದು. ಮೂರೇ ವಾರ ಏಕೆ ಎಂದು ಕೇಳಿದರೆ ಉತ್ತರ ಇರಲಿಲ್ಲ. 1970ರ ದಶಕದಲ್ಲಿ ಫಿನ್‌ಲೆಂಡಿನ ಮಾರ್ಕು ಯಾರ್ವಿನೆನ್ ಇಲಿಗಳ ಮೀನಖಂಡದ ಮೇಲೆ ನಡೆಸಿದ ಪ್ರಯೋಗಗಳು ಒಂದು ಉತ್ತರ ಕೊಟ್ಟವು. ಹರಿದ ಎಳೆಗಳ ನಡುವೆ ಮೊದಲು ರಕ್ತ ತುಂಬುತ್ತದೆ, ಆಮೇಲೆ ಗಾಯದ ನಾರು ಬೆಳೆಯುತ್ತದೆ, ಎರಡೂ ಬದಿಯಿಂದ ಹೊಸ ಸ್ನಾಯುಕೋಶಗಳು ಆ ನಾರಿನೊಳಕ್ಕೆ ತೂರುತ್ತವೆ. ಸುಮಾರು 10 ದಿನಗಳವರೆಗೆ ಆ ನಾರೇ ಇಡೀ ಸ್ನಾಯುವಿನ ದುರ್ಬಲ ಜಾಗ. ಕೆಲವು ದಿನ ಮಾತ್ರ ಬಿಡುವು ಕೊಟ್ಟು ಆಮೇಲೆ ಮೆಲ್ಲಗೆ ಆಡಿಸಿದರೆ ಹೊಸ ಎಳೆಗಳು ಸಾಲಾಗಿ ಕೂಡುತ್ತವೆ. ಪೂರ್ತಿ ಕಟ್ಟಿಟ್ಟರೆ ಗಾಯದ ನಾರೇ ಮೇಲುಗೈ ಪಡೆಯುತ್ತದೆ. ಗರಡಿಯವರು ಮಣ್ಣು ಅಗೆಸುತ್ತಿದ್ದುದಕ್ಕೆ ಹೀಗೆ ಪ್ರಯೋಗಾಲಯದ ಬೆಂಬಲ ತಾನಾಗಿ ದೊರೆಯಿತು.

ಜನರ ಬಾಯಲ್ಲಿ ಉಳಿದದ್ದು ಮಾತ್ರ ಬೇರೆ ಸೂತ್ರ. ಅಮೆರಿಕದ ವೈದ್ಯ ಗೇಬ್ ಮಿರ್ಕಿನ್ 1978ರಲ್ಲಿ ವಿಶ್ರಾಂತಿ, ಮಂಜುಗಡ್ಡೆ, ಬಿಗಿಪಟ್ಟಿ, ಕಾಲನ್ನು ಎತ್ತರದಲ್ಲಿಡುವುದು ಎಂಬ ನಾಲ್ಕನ್ನು ಸೇರಿಸಿ ‘ರೈಸ್’ ಎಂದು ಹೆಸರಿಟ್ಟ. ದೈಹಿಕ ಶಿಕ್ಷಣದ ಪಠ್ಯಗಳಲ್ಲಿ ಅದು ಇಂದಿಗೂ ಇದೆ. ಮಂಜುಗಡ್ಡೆಯೂ ಪೂರ್ತಿ ವಿಶ್ರಾಂತಿಯೂ ಗುಣವಾಗುವುದನ್ನು ತಡಮಾಡಬಹುದು ಎಂದು ಅದೇ ಮಿರ್ಕಿನ್ ಮುಂದೆ ತನ್ನ ಮಾತನ್ನು ತಿದ್ದಿಕೊಂಡ. ತಿದ್ದುಪಡಿ ಪಠ್ಯಕ್ಕೆ ಬಂದದ್ದು ಕಡಿಮೆ. 2017ರಲ್ಲಿ ಡೆನ್ಮಾರ್ಕಿನ ಸಂಶೋಧಕರು ತೊಡೆ ಅಥವಾ ಮೀನಖಂಡದ ಸ್ನಾಯು ಹರಿದ 50 ಹವ್ಯಾಸಿ ಆಟಗಾರರನ್ನು ಎರಡು ಗುಂಪು ಮಾಡಿದರು. ಒಂದು ಗುಂಪಿಗೆ ಎರಡನೆಯ ದಿನದಿಂದಲೇ ವ್ಯಾಯಾಮ, ಇನ್ನೊಂದಕ್ಕೆ ಒಂಬತ್ತನೆಯ ದಿನದಿಂದ. ಮೊದಲಿನವರು ಸುಮಾರು 62 ದಿನಗಳಲ್ಲಿ, ಎರಡನೆಯವರು 83 ದಿನಗಳಲ್ಲಿ ನೋವಿಲ್ಲದೆ ಆಟಕ್ಕೆ ಮರಳಿದರು. ಒಂದೇ ವಾರದ ಆಲಸ್ಯಕ್ಕೆ ಮೂರು ವಾರದ ದಂಡ.

ಇದರ ನಡುವೆ ಚಿತ್ರದ ಯುಗವೂ ಬಂತು. ಎಂಆರ್‌ಐ ಯಂತ್ರ ಸ್ನಾಯುವಿನೊಳಗನ್ನು ತೋರಿಸತೊಡಗಿದ ಮೇಲೆ ತೀರ್ಮಾನವನ್ನು ಅದಕ್ಕೇ ಬಿಡಬಹುದು ಎಂಬ ಆಸೆ ಹುಟ್ಟಿತು. ಬ್ರಿಟಿಷ್ ಅಥ್ಲೆಟಿಕ್ಸ್ ಸಂಸ್ಥೆಯ ವೈದ್ಯರು 2014ರಲ್ಲಿ ಗಾಯವನ್ನು ಸೊನ್ನೆಯಿಂದ ನಾಲ್ಕರವರೆಗೆ ದರ್ಜೆ ಮಾಡಿ, ಅದು ಸ್ನಾಯುವಿನ ಹೊದಿಕೆಯಲ್ಲಿದೆಯೋ, ಸ್ನಾಯುವೂ ರಜ್ಜುವೂ ಕೂಡುವಲ್ಲಿದೆಯೋ, ರಜ್ಜುವಿನೊಳಗೇ ಇದೆಯೋ ಎಂದು ಮತ್ತೆ ಒಡೆದರು. ಈ ಕೊನೆಯ ಭೇದ ಬಹಳ ಉಪಯುಕ್ತ: ರಜ್ಜುವಿನೊಳಗಿನ ಗಾಯ ನಿಧಾನವಾಗಿ ಕೂಡುತ್ತದೆ, ಸುಲಭವಾಗಿ ಮರುಕಳಿಸುತ್ತದೆ. ಆದರೆ ಮರಳುವ ದಿನವನ್ನು ಚಿತ್ರ ಹೇಳಲಾರದು ಎಂಬುದೂ ಅದೇ ವರ್ಷ ಬಯಲಾಯಿತು. ನೆದರ್‌ಲೆಂಡ್ಸಿನ ತಂಡವೊಂದು, ತೊಡೆಯ ಹಿಂಭಾಗದ ಸ್ನಾಯು ಗುಣವಾಗಿ ಆಟಕ್ಕೆ ಸಿದ್ಧರಾದವರನ್ನು ಯಂತ್ರದೊಳಗೆ ಮಲಗಿಸಿತು. ನೂರಕ್ಕೆ 89 ಮಂದಿಯಲ್ಲಿ ಗಾಯದ ಗುರುತು ಇನ್ನೂ ಇತ್ತು. ಚಿತ್ರ ಪೂರ್ತಿ ತಿಳಿಯಾಗಲೆಂದು ಕಾಯುವುದಾದರೆ ಬಹುಪಾಲು ಆಟಗಾರರು ಋತು ಮುಗಿಯುವವರೆಗೂ ಮನೆಯಲ್ಲೇ ಕೂರಬೇಕಾಗುತ್ತದೆ.

ಕರ್ನಾಟಕದ ಆಟಗಾರರ ಬದುಕಿನಲ್ಲೇ ಈ ಬದಲಾವಣೆಯನ್ನು ಕಾಣಬಹುದು. 1997ರಲ್ಲಿ ಜಾವಗಲ್ ಶ್ರೀನಾಥ್ ಭುಜದ ಗಾಯದಿಂದ ವೆಸ್ಟ್ ಇಂಡೀಸ್ ವಿರುದ್ಧದ ಸರಣಿ ಕಳೆದುಕೊಂಡಾಗ, ದೇಶದಲ್ಲಿ ಕ್ರಿಕೆಟಿಗರನ್ನು ಸರಿಪಡಿಸಿ ಕಳಿಸುವ ಒಂದು ಸಂಸ್ಥೆ ಇರಲಿಲ್ಲ. ಬೆಂಗಳೂರಿನಲ್ಲಿ ರಾಷ್ಟ್ರೀಯ ಕ್ರಿಕೆಟ್ ಅಕಾಡೆಮಿ ಆರಂಭವಾದದ್ದು 2000ದಲ್ಲಿ. ಕ್ರಮೇಣ ಅದು ಕಲಿಕೆಯ ಶಾಲೆಗಿಂತ ಹೆಚ್ಚಾಗಿ ಗಾಯಾಳುಗಳು ಅನುಮತಿ ಪಡೆಯುವ ಠಾಣೆಯಾಯಿತು. 2024ರ ಸೆಪ್ಟೆಂಬರಿನಲ್ಲಿ ಅದು ವಿಮಾನನಿಲ್ದಾಣದ ಕಡೆಯ ಹೊಸ ಆವರಣಕ್ಕೆ, ಸೆಂಟರ್ ಆಫ್ ಎಕ್ಸಲೆನ್ಸ್ ಎಂಬ ಹೊಸ ಹೆಸರಿಗೆ ಬದಲಾಯಿತು.

ಕೆ.ಎಲ್. ರಾಹುಲ್ ಪ್ರಕರಣ ಈ ಠಾಣೆಯ ಕೆಲಸವನ್ನು ಚೆನ್ನಾಗಿ ತೋರಿಸುತ್ತದೆ. 2023ರ ಮೇ 1ರಂದು ಲಖನೌದಲ್ಲಿ ಐಪಿಎಲ್ ಪಂದ್ಯದಲ್ಲಿ ಬೌಂಡರಿಯತ್ತ ಚೆಂಡಿನ ಹಿಂದೆ ಓಡುವಾಗ ಅವರ ಬಲತೊಡೆ ಹರಿಯಿತು. ಶಸ್ತ್ರಚಿಕಿತ್ಸೆ ಆಯಿತು, ಆಮೇಲೆ ಬೆಂಗಳೂರಿನ ಅಕಾಡೆಮಿಯಲ್ಲಿ ಪುನಶ್ಚೇತನ. ಆಗಸ್ಟಿನಲ್ಲಿ ಏಷ್ಯಾ ಕಪ್ ತಂಡಕ್ಕೆ ಆಯ್ಕೆಯಾದರೂ ಬೇರೊಂದು ಸಣ್ಣ ನೋವಿನಿಂದ ಮೊದಲ ಎರಡು ಪಂದ್ಯ ಆಡಲಿಲ್ಲ. ಸೆಪ್ಟೆಂಬರ್ 10ರಂದು ಕೊಲಂಬೊದಲ್ಲಿ ಪಾಕಿಸ್ತಾನದ ವಿರುದ್ಧ, ಶ್ರೇಯಸ್ ಅಯ್ಯರ್ ಅವರ ಬೆನ್ನು ಹಿಡಿದುಕೊಂಡ ಕಾರಣ ಕೊನೆ ಗಳಿಗೆಯಲ್ಲಿ ಜಾಗ ಸಿಕ್ಕಿತು. ಮೀಸಲು ದಿನಕ್ಕೆ ಚಾಚಿದ ಆ ಪಂದ್ಯದಲ್ಲಿ ಅಜೇಯ 111 ಹೊಡೆದರು. ಗಾಯದಿಂದ ಆಟಕ್ಕೆ ನಾಲ್ಕು ತಿಂಗಳ ಮೇಲೆ. ಮುಂದಿನ ವರ್ಷ ಇಂಗ್ಲೆಂಡ್ ವಿರುದ್ಧದ ಹೈದರಾಬಾದ್ ಟೆಸ್ಟ್ ಆದ ಮೇಲೆ ತೊಡೆನೋವು ಮತ್ತೆ ಕಾಣಿಸಿಕೊಂಡಿತು. 2024ರ ಫೆಬ್ರುವರಿಯಲ್ಲಿ ಕ್ರಿಕೆಟ್ ಮಂಡಳಿ ಅವರು ಶೇ 90ರಷ್ಟು ಸಿದ್ಧರಾಗಿದ್ದಾರೆಂದು ಪ್ರಕಟಿಸಿತು. ಆ ಸರಣಿಯಲ್ಲಿ ಅವರು ಮತ್ತೆ ಆಡಲೇ ಇಲ್ಲ. ಉಳಿದ ಶೇ 10 ಎಂಬುದು ಕಾಲಿನಲ್ಲಿದೆಯೋ, ನಂಬಿಕೆಯಲ್ಲಿದೆಯೋ, ಮುಂದಿನ ಪಂದ್ಯಗಳ ಲೆಕ್ಕದಲ್ಲಿದೆಯೋ ಎಂದು ಅಂಥ ಅಂಕಿಯಿಂದ ತಿಳಿಯುವುದು ಕಷ್ಟ.

ಈ ಗೊಂದಲವನ್ನು ಬಿಡಿಸಲೆಂದೇ ಹೊಸ ಚೌಕಟ್ಟುಗಳು ಬಂದಿವೆ. 2010ರ ನಂತರ ರೂಪುಗೊಂಡ ಒಂದು ವಿಧಾನ ತೀರ್ಮಾನವನ್ನು ಮೂರು ಪ್ರಶ್ನೆಗಳಾಗಿ ಒಡೆಯುತ್ತದೆ: ಅಂಗಾಂಶ ಎಷ್ಟು ಗುಣವಾಗಿದೆ, ಆ ಆಟ ಅದರ ಮೇಲೆ ಎಷ್ಟು ಭಾರ ಹೇರುತ್ತದೆ, ಅಪಾಯವನ್ನು ಹೆಚ್ಚು ಕಡಿಮೆ ಸಹಿಸಲು ಬೇರೆ ಕಾರಣಗಳಿವೆಯೇ. ಫೈನಲ್ ಪಂದ್ಯ, ಗುತ್ತಿಗೆಯ ಹಣ, ಮನೆಯವರ ಒತ್ತಡ ಎಲ್ಲ ಮೂರನೆಯದಕ್ಕೆ ಸೇರಿದವು. 2016ರಲ್ಲಿ ಸ್ವಿಟ್ಜರ್ಲೆಂಡಿನ ಬರ್ನ್ ಸಮಾವೇಶದ ಒಮ್ಮತ ಹೇಳಿಕೆ, ಮರಳುವುದನ್ನು ಒಂದು ದಿನವೆಂದು ಕಾಣದೆ ಸಾಗುವ ದಾರಿಯೆಂದು ಕಂಡಿತು: ಮೊದಲು ಅಭ್ಯಾಸಕ್ಕೆ, ಆಮೇಲೆ ಆಟಕ್ಕೆ, ಕೊನೆಗೆ ಹಳೆಯ ಮಟ್ಟಕ್ಕೆ. ಸ್ವೀಡನ್ನಿನ ಕಾರ್ಲ್ ಆಸ್ಕ್ಲಿಂಗ್ ತೋರಿಸಿದ ಒಂದು ಪರೀಕ್ಷೆ ಇಲ್ಲಿ ಉಲ್ಲೇಖಾರ್ಹ. ಮಾಮೂಲಿ ಪರೀಕ್ಷೆಗಳಲ್ಲೆಲ್ಲ ಪಾಸಾದ ಮೇಲೆ ಆಟಗಾರನನ್ನು ಅಂಗಾತ ಮಲಗಿಸಿ, ಮೊಣಕಾಲು ಮಡಿಯದಂತೆ ಪಟ್ಟಿ ಕಟ್ಟಿ, ಕಾಲನ್ನು ಆದಷ್ಟು ವೇಗವಾಗಿ ಮೇಲಕ್ಕೆ ಎಸೆಯಲು ಹೇಳುತ್ತಾರೆ. ನೋವು ಬರದಿದ್ದರೂ ‘ಹರಿದೀತು’ ಎಂಬ ಅಳುಕು ಬಂದರೆ ಇನ್ನೂ ಸಿದ್ಧನಲ್ಲವೆಂದು ಅರ್ಥ. ಉಸ್ತಾದನ ಕಣ್ಣಿಗೆ ಬೀಳುತ್ತಿದ್ದ ಕಾಲಿನ ಹಿಂಜರಿತಕ್ಕೆ ಹೀಗೆ ಒಂದು ಅಳತೆ ಸಿಕ್ಕಿದೆ. ನೋವಿಲ್ಲದೆ ಒತ್ತಿಸಿಕೊಳ್ಳುವುದು, ಎರಡೂ ಕಾಲುಗಳ ಬಲದಲ್ಲಿ ಹತ್ತರಲ್ಲಿ ಒಂದು ಪಾಲಿಗಿಂತ ಹೆಚ್ಚು ವ್ಯತ್ಯಾಸವಿಲ್ಲದಿರುವುದು, ಪೂರ್ಣ ವೇಗದ ಓಟವನ್ನು ಹಲವು ಅಭ್ಯಾಸಗಳಲ್ಲಿ ಮಾಡಿ ಮುಗಿಸಿರುವುದು ಇತರ ರೂಢಿಯ ಷರತ್ತುಗಳು. ಯುರೋಪಿನ ವೃತ್ತಿಪರ ಫುಟ್‌ಬಾಲಿನ ದೀರ್ಘ ಅಧ್ಯಯನದ ಪ್ರಕಾರ ಮರುಕಳಿಸುವ ತೊಡೆಗಾಯಗಳಲ್ಲಿ ಮೂರನೆಯ ಎರಡು ಪಾಲಿಗಿಂತ ಹೆಚ್ಚು ಆಗುವುದು ಮರಳಿದ ಎರಡು ತಿಂಗಳೊಳಗೆ.

ಎರಡು ತಿಂಗಳು ಎಂಬುದು ಶಿಕಾರಿಪುರ, ಸೊರಬದ ಹೋರಿಹಬ್ಬದ ಋತುವಿಗಿಂತ ಅಷ್ಟೇನೂ ಚಿಕ್ಕದಲ್ಲ. ಬಲಿಪಾಡ್ಯಮಿಯ ಆಸುಪಾಸಿನಲ್ಲಿ ಶುರುವಾಗುವ ಹಬ್ಬ ಸುಗ್ಗಿ ಮುಗಿಯುವವರೆಗೆ ಊರಿಂದೂರಿಗೆ ಸಾಗುತ್ತದೆ; ನೆರೆಯ ಹಾನಗಲ್ಲು, ಹಿರೇಕೆರೂರು ಕಡೆಯೂ ಇದೇ. ಕೊರಳಿಗೆ ಒಣಕೊಬ್ಬರಿಯ ಸರ, ಕೋಡಿಗೆ ಬಲೂನು ರಿಬ್ಬನ್ನು ಕಟ್ಟಿದ ಹೋರಿಯನ್ನು ಜನ ನಿಂತ ಓಣಿಯಲ್ಲಿ ಬಿಡುತ್ತಾರೆ. ಹಿಡಿಯುವವನು ನಿಂತಲ್ಲಿಂದ ಒಮ್ಮೆಗೇ ಓಡಿ, ಹೋರಿಯ ವೇಗಕ್ಕೆ ಸಮನಾಗಿ, ಕೊರಳಿಗೆ ಜೋತುಬಿದ್ದು ಕೊಬ್ಬರಿ ಹರಿಯಬೇಕು. ತೊಡೆಯ ಹಿಂಭಾಗದ ಸ್ನಾಯು ಅತಿ ಹೆಚ್ಚು ಹರಿಯುವುದು ಇಂಥ ಪೂರ್ಣವೇಗದ ಓಟದಲ್ಲಿ, ಕಾಲು ಮುಂದಕ್ಕೆ ಚಾಚಿ ನೆಲ ಮುಟ್ಟುವ ಮುನ್ನಿನ ಕ್ಷಣದಲ್ಲಿ. ತೊಡೆಯ ಮುಂಭಾಗ ಜಜ್ಜುವುದು ಗೊರಸಿನಿಂದ, ಹೋರಿಯ ಮೈ ಬಡಿಯುವುದರಿಂದ. ಬಹುಮಾನ ಬೈಕು, ಬಂಗಾರ ಆಗಿರುವ ಕಾಲದಲ್ಲಿ, ಕಳೆದ ವಾರ ಪಕ್ಕದೂರಲ್ಲಿ ಕಾಲು ಹಿಡಿದುಕೊಂಡವನು ಈ ವಾರ ಪಟ್ಟಿ ಸುತ್ತಿಕೊಂಡು ಬಂದೇ ಬರುತ್ತಾನೆ.

ಹೋರಿಯ ಮಟ್ಟಿಗೆ ಇಲ್ಲಿ ಒಬ್ಬ ಉಸ್ತಾದ್ ಇದ್ದಾನೆ ಎಂಬುದು ಸೋಜಿಗ. ಸಾಕಿದವನು ಹುರುಳಿ, ಹತ್ತಿಕಾಳು ತಿನ್ನಿಸಿ, ಕೆರೆಯಲ್ಲಿ ಈಜಿಸಿ, ಓಡಿಸಿ ಅದನ್ನು ಸಜ್ಜು ಮಾಡುತ್ತಾನೆ. ಕಾಲು ಕುಂಟುವ ಹೋರಿಯನ್ನು ಮರ್ಯಾದೆಯುಳ್ಳ ಮನೆಯವರು ಕಣಕ್ಕೆ ತರುವುದಿಲ್ಲ. ಅದನ್ನು ಹಿಡಿಯಲು ಬರುವ ಯುವಕನನ್ನು ಹೀಗೆ ಬಲ್ಲವರು ಯಾರೂ ಇರುವುದಿಲ್ಲ. ಗೆಳೆಯರು ಹುರಿದುಂಬಿಸುವವರೇ ಹೊರತು ತಡೆಯುವವರಲ್ಲ.

ಕಾನೂನಿನ ಚರಿತ್ರೆಯೂ ಬಹುಮಟ್ಟಿಗೆ ಪ್ರಾಣಿಯ ಸುತ್ತ ನಡೆದಿದೆ. 2014ರ ಮೇ 7ರಂದು ಸುಪ್ರೀಂ ಕೋರ್ಟು ಜಲ್ಲಿಕಟ್ಟು ಮತ್ತು ಎತ್ತಿನ ಓಟಗಳನ್ನು ನಿಷೇಧಿಸಿತು. ಕರ್ನಾಟಕ ವಿಧಾನಮಂಡಲ 2017ರಲ್ಲಿ ಕಂಬಳ ಮತ್ತು ಎತ್ತಿನ ಬಂಡಿ ಓಟಗಳಿಗಾಗಿ ತಿದ್ದುಪಡಿ ತಂದಿತು. 2023ರ ಮೇ 18ರಂದು ಸಂವಿಧಾನ ಪೀಠ ರಾಜ್ಯಗಳ ತಿದ್ದುಪಡಿಗಳನ್ನು ಎತ್ತಿಹಿಡಿಯಿತು. ಈ ವಾದಗಳಲ್ಲಿ ಕೇಂದ್ರದಲ್ಲಿದ್ದುದು ಪ್ರಾಣಿಹಿಂಸೆ. ಹೋರಿಹಬ್ಬದಲ್ಲಿ ಸಾವುಗಳಾದ ಮೇಲೆ ಆಡಳಿತದ ಗಮನ ಅನುಮತಿ, ಬೇಲಿ, ಆಂಬುಲೆನ್ಸುಗಳತ್ತ ಹರಿದಿದೆ. ತಮಿಳುನಾಡಿನ 2017ರ ಜಲ್ಲಿಕಟ್ಟು ನಿಯಮಗಳು ಒಂದು ಹೆಜ್ಜೆ ಮುಂದೆ ಹೋಗಿ, ಹೋರಿಗೆ ಪಶುವೈದ್ಯರ ತಪಾಸಣೆಯ ಜೊತೆಗೆ ಹಿಡಿಯುವವರಿಗೂ ವೈದ್ಯಕೀಯ ತಪಾಸಣೆ ಕಡ್ಡಾಯ ಮಾಡಿವೆ. ಅಲ್ಲಿ ನೋಡುವುದು ಮುಖ್ಯವಾಗಿ ರಕ್ತದೊತ್ತಡ, ತೂಕ, ಕುಡಿದಿದ್ದಾನೆಯೇ ಎಂಬುದು. ಮೂರು ವಾರದ ಹಿಂದೆ ಹರಿದ ತೊಡೆ ಈ ಜರಡಿಯಿಂದ ಸಲೀಸಾಗಿ ನುಸುಳಿಹೋಗುತ್ತದೆ. ಅದನ್ನು ಹಿಡಿಯಲು ಯಂತ್ರ ಬೇಕಿಲ್ಲ. ಅಂಗಾತ ಮಲಗಿ ಒಂದೊಂದೇ ಕಾಲಿನ ಮೇಲೆ ಸೊಂಟ ಎತ್ತಿಸುವುದು, ಕಾಲು ನೇರವಾಗಿಟ್ಟು ಮೇಲೆತ್ತಿಸುವುದು, ಶಾಲೆಯ ಬಯಲಿನಲ್ಲಿ ನಾಲ್ಕೈದು ಸಲ ಪೂರ್ಣವೇಗದಲ್ಲಿ ಓಡಿಸಿ ನಿಲ್ಲಿಸುವುದು ಸಾಕು. ಊರಿನ ದೈಹಿಕ ಶಿಕ್ಷಕರು ಅಥವಾ ಗರಡಿಯ ಹಿರಿಯರೊಬ್ಬರು ಒಬ್ಬನನ್ನು ಹತ್ತು ನಿಮಿಷದಲ್ಲಿ ನೋಡಿ ಮುಗಿಸಬಹುದು.